ತೋಳಿಗೆ ಕಟ್ಟಿದ ಕೊರಳಪಟ್ಟಿ

ಗುಮಾಸ್ತ ಹಕೀಮ್ ಕಚೇರಿಯ ಬಾಗಿಲು ತಳ್ಳಿದಾಗ ಒಂಬತ್ತಕ್ಕೆ ಐದು ನಿಮಿಷ ಇತ್ತು. ಬೀಗ ಇರಲಿಲ್ಲ. ವಕೀಲ ಬೋಜಪ್ಪನವರು ಇವತ್ತು ಮೊದಲೇ ಬಂದಿದ್ದಾರೆ ಅಂದುಕೊಂಡ.

ಬಂದಿದ್ದರು. ಮೇಜಿನ ಹಿಂದೆ ಕುರ್ಚಿಯಲ್ಲಿ ಒರಗಿದ್ದರು. ಗಲ್ಲ ಎದೆಗೆ ತಾಗಿತ್ತು. ಅಂಗಿಯ ಎಡತೋಳು ಮೊಣಕೈಯಿಂದ ಮೇಲಕ್ಕೆ ಮಡಚಿತ್ತು.

"ಸಾರ್," ಎಂದ ಹಕೀಮ್.

ಎರಡನೇ ಸಲ ಕರೆಯಲಿಲ್ಲ. ಹದಿನಾಲ್ಕು ವರ್ಷ ಅವರೊಂದಿಗೆ ಇದ್ದವನು. ಕೈ ಮುಟ್ಟಿ ನೋಡಿದ. ತಣ್ಣಗಿತ್ತು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಪುತ್ತೂರು ಠಾಣೆಗೆ ಓಡಿದ.

ಸಬ್ ಇನ್‌ಸ್ಪೆಕ್ಟರ್ ಬೆಳ್ಯಪ್ಪ ಹತ್ತು ನಿಮಿಷದಲ್ಲಿ ಬಂದ. ೧೯೫೮ರ ನವೆಂಬರ್, ಸೋಮವಾರ. ಕೋರ್ಟಿನ ಅಂಗಳದಲ್ಲಿ ಆಗಲೇ ಕಕ್ಷಿಗಾರರು ಸೇರುತ್ತಿದ್ದರು. ಅಲ್ಲಿಂದ ಬೋಜಪ್ಪ ವಕೀಲರ ಕಚೇರಿಗೆ ಐವತ್ತು ಹೆಜ್ಜೆ.

ಬೆಳ್ಯಪ್ಪ ಏನನ್ನೂ ಮುಟ್ಟಲಿಲ್ಲ. ಮೊದಲು ನೋಡಿದ. ನೆಲದ ಮೇಲೆ ಸಿರಿಂಜು. ಮೇಜಿನ ಮೇಲೆ ಕತ್ತು ಮುರಿದ ಒಂದು ಗಾಜಿನ ಮದ್ದಿನ ಕೊಳವೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ 'ಪೆಥಿಡಿನ್'. ಮೊಣಕೈಯ ಹತ್ತಿರ ಸಡಿಲವಾಗಿ ಜಾರಿದ ಒಂದು ಬಿಳಿ ಬಟ್ಟೆ. ವಕೀಲರು ಕೊರಳಿಗೆ ಕಟ್ಟಿ ಎದೆಯ ಮೇಲೆ ಇಳಿಬಿಡುವ ಪಟ್ಟಿ ಅದು. ಅದರ ಲಾಡಿಯಿಂದ ತೋಳನ್ನು ಬಿಗಿದಿದ್ದರು. ನರ ಎದ್ದ ಮೇಲೆ ಸಡಿಲಿಸಿದ್ದರು.

"ಎಂತ ಮದ್ದು ಇದು?" ಬೆಳ್ಯಪ್ಪ ಕೇಳಿದ.

ಹಕೀಮ್ ತಲೆ ತಗ್ಗಿಸಿದ. "ನೋವಿಗೆ ಕೊಡುದು ಸಾರ್. ಮೂತ್ರದ ಕಲ್ಲಿನ ನೋವಿಗೆ ಶುರು ಆದದ್ದು. ಕಲ್ಲು ಹೋಯಿತು. ಮದ್ದು ಹೋಗ್ಲಿಲ್ಲ. ಆದ್ರೆ ನಾಲ್ಕು ತಿಂಗಳಿಂದ ಬಿಟ್ಟಿದ್ರು. ಅಲ್ಲಾಹನಾಣೆ ಬಿಟ್ಟಿದ್ರು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ವಕೀಲ ಅಚ್ಚುತ ಒಳಗೆ ಬಂದರು. ಬೋಜಪ್ಪನವರ ಜೊತೆಯಲ್ಲೇ ಸನ್ನದು ಪಡೆದವರು. ಊರಿನಲ್ಲಿ ಇಬ್ಬರನ್ನೂ ಜೋಡೆತ್ತು ಎನ್ನುತ್ತಿದ್ದರು. ಕರಿ ಕೋಟು ಹಾಕಿದ್ದರು. ಹೆಣ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬರಿದಾದ ಕೊರಳನ್ನು ಕೈಯಿಂದ ಸವರಿಕೊಂಡರು.

"ಕೊನೆಗೂ ಇದೇ ಇವನನ್ನು ತಿಂದಿತು," ಎಂದರು. ಕಣ್ಣಲ್ಲಿ ನೀರಿತ್ತು. "ಬೆಳ್ಯಪ್ಪ, ಒಂದು ಮಾತು. ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ಹಾರ್ಟ್ ಫೇಲ್ ಅಂತ ಬರೆದು ಮುಗಿಸಿ. ಸತ್ತವನ ಮಾನ ಕಳೆದು ಯಾರಿಗೆ ಎಂತ ಸಿಗ್ಲಿಕ್ಕುಂಟು?"

ಬೆಳ್ಯಪ್ಪ ಪಂಚರನ್ನು ಕರೆಸಿದ. ಪಂಚನಾಮೆ ಬರೆಸಲು ಶುರುಮಾಡಿದ. ಗೂಟಕ್ಕೆ ತೂಗುಹಾಕಿದ್ದ ಬೋಜಪ್ಪನವರ ಕೋಟಿನ ಕಿಸೆಯಲ್ಲಿ ಒಂದು ಕರವಸ್ತ್ರ, ಒಂದು ಪೆನ್ನು, ಮಡಚಿಟ್ಟ ಒಂದು ಕೊರಳಪಟ್ಟಿ.

* * *

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸಂಜೆ ಕೈ ತೊಳೆದುಕೊಂಡು ಹೊರಗೆ ಬಂದರು.

"ಉಸಿರು ನಿಂತು ಸತ್ತದ್ದು. ಪೆಥಿಡಿನ್ನೇ. ಆದ್ರೆ ನೀವು ತಂದ ಕೊಳವೆ ಒಂದೇ ಅಲ್ವಾ?"

"ಒಂದೇ."

"ಒಂದರಿಂದ ಹೀಗೆ ಆಗುದಿಲ್ಲ. ಮೂರೋ ನಾಲ್ಕೋ ಹೋಗಿರ್ಬೇಕು. ಹಿಂದೆ ಇವರಿಗೆ ಅಷ್ಟು ತಡೆದುಕೊಳ್ಳುವ ಶಕ್ತಿ ಇತ್ತು. ನಾಲ್ಕು ತಿಂಗಳು ಬಿಟ್ಟ ಮೈಗೆ ಹಳೇ ಅಳತೆಯೇ ವಿಷ. ಮೈಯಲ್ಲಿ ಹೊಡೆದಾಟದ ಗುರುತು ಎಂತದೂ ಇಲ್ಲ."

ಬೆಳ್ಯಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಮೂರೋ ನಾಲ್ಕೋ. ಉಳಿದ ಕೊಳವೆಗಳು ಎಲ್ಲಿ? ಕಚೇರಿಯ ಕಸದ ಬುಟ್ಟಿ, ಕಿಟಕಿಯ ಹೊರಗಿನ ಚರಂಡಿ, ಎಲ್ಲ ಹುಡುಕಿದ್ದ. ಸತ್ತವನು ಎದ್ದು ಹೋಗಿ ಬಿಸಾಡುವುದಿಲ್ಲ.

"ವಕೀಲರಲ್ಲಿ ಇದು ಒಬ್ಬರ ರೋಗ ಅಲ್ಲ ಬೆಳ್ಯಪ್ಪ," ಡಾಕ್ಟರು ದನಿ ತಗ್ಗಿಸಿದರು. "ಪಾನನಿರೋಧ ಉಂಟಲ್ಲ? ಕುಡಿದ್ರೆ ಬಾಯಿ ವಾಸನೆ. ಜಡ್ಜಿಗೆ ಗೊತ್ತಾಗ್ತದೆ, ಪೊಲೀಸಿಗೆ ಗೊತ್ತಾಗ್ತದೆ. ಇದಕ್ಕೆ ವಾಸನೆ ಇಲ್ಲ. ಚುಚ್ಚಿಕೊಂಡು ಕೋಟು ಹಾಕಿದ್ರೆ ಮುಗೀತು. ಕೈ ನಡುಗುದಿಲ್ಲ, ಹೆದರಿಕೆ ಇಲ್ಲ. ನನ್ನತ್ರ ಚೀಟಿ ಬರೆಸಿಕೊಳ್ಳಲಿಕ್ಕೆ ಬಂದವರು ಮೂವರು. ನಾನು ಬರೀಲಿಲ್ಲ. ಬರೆಯುವವರು ಬೇರೆ ಇದ್ದಾರೆ."

"ಆ ಮೂವರ ಹೆಸರು?"

"ಅದು ಹೇಳ್ಲಿಕ್ಕಾಗುದಿಲ್ಲ. ಅವರು ರೋಗಿಗಳು, ಅಪರಾಧಿಗಳಲ್ಲ."

* * *

ಬೋಜಪ್ಪನವರ ಹೆಂಡತಿ ಕಮಲಾವತಿ ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು. ಮಂಗಳವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು, ಕೇಳಿದ್ದಕ್ಕೆ ಉತ್ತರ ಕೊಟ್ಟರು.

"ಅವರು ತಾವಾಗಿ ಚುಚ್ಚಿಕೊಂಡರು ಅಂತ ನಾನು ನಂಬುದಿಲ್ಲ. ನಿನ್ನೆ ಅವರಿಗೆ ದೊಡ್ಡ ದಿನ."

"ಎಂತ ದೊಡ್ಡ ದಿನ?"

ಆಕೆ ಬೆಳ್ಯಪ್ಪನ ಮುಖವನ್ನು ನೇರವಾಗಿ ನೋಡಿದರು. "ನಿಮಗೆ ಗೊತ್ತಿಲ್ವಾ? ಕೂಸಪ್ಪನ ಅಪೀಲಿಗೆ ಪ್ರಮಾಣಪತ್ರ ಬರೆದಿದ್ರು. ನಿನ್ನೆ ಮ್ಯಾಜಿಸ್ಟ್ರೇಟರ ಎದುರು ಸಹಿ ಹಾಕಿ ಬೆಂಗಳೂರಿನ ಹೈಕೋರ್ಟಿಗೆ ಕಳಿಸ್ಲಿಕ್ಕಿತ್ತು. ಬೆಳಿಗ್ಗೆ ಏಳಕ್ಕೇ ಅದನ್ನು ಹಿಡಿದುಕೊಂಡು ಹೋದ್ರು, ಒಮ್ಮೆ ತಿದ್ದಬೇಕು ಅಂತ."

ಕೂಸಪ್ಪ. ಆ ಹೆಸರು ಬೆಳ್ಯಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಕಳೆದ ವರ್ಷ ಸುಳ್ಯದ ಹತ್ತಿರದ ಆಲೆಟ್ಟಿಯಲ್ಲಿ ಒಬ್ಬ ಮೇಸ್ತ್ರಿಯ ಕೊಲೆಯಾಗಿತ್ತು. ಸಂಜೆ ಆರು ಗಂಟೆಗೆ, ಗದ್ದೆ ದಾರಿಯಲ್ಲಿ. ಹಿಂದಿನ ದಿನ ಅವನೊಡನೆ ಜಗಳವಾಡಿದ್ದ ಕೂಲಿಯಾಳು ಕೂಸಪ್ಪನನ್ನು ಹಿಡಿದು ಆರೋಪಪಟ್ಟಿ ಹಾಕಿದವನು ಆಗ ಸುಳ್ಯದಲ್ಲಿದ್ದ ಇದೇ ಬೆಳ್ಯಪ್ಪ. ಕೂಸಪ್ಪನ ಪರ ಬೋಜಪ್ಪ ವಕೀಲರು. ಸತ್ತವನ ಕುಟುಂಬದ ಪರವಾಗಿ ಸರ್ಕಾರಿ ವಕೀಲರಿಗೆ ನೆರವಾಗಿ ನಿಂತವರು ಅಚ್ಚುತ. ಮಂಗಳೂರಿನ ಸೆಷನ್ಸ್ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಕೂಸಪ್ಪ ಬಳ್ಳಾರಿ ಜೈಲಿನಿಂದಲೇ ಅಪೀಲು ಹಾಕಿದ್ದ.

"ಪ್ರಮಾಣಪತ್ರದಲ್ಲಿ ಎಂತ ಇತ್ತು?"

"ವಿಚಾರಣೆಯ ದಿನ ತಾನು ಈ ಮದ್ದಿನ ಮಂಪರಿನಲ್ಲಿದ್ದೆ ಅಂತ. ಒಬ್ಬ ಸಾಕ್ಷಿಯನ್ನು ಕರೆಯಲೇ ಇಲ್ಲ ಅಂತ. ಸನ್ನದು ಹೋದ್ರೂ ಹೋಗ್ಲಿ ಕಮಲಾ, ಅವನ ಜೀವ ಜೈಲಲ್ಲಿ ಕೊಳೆಯುದು ಬೇಡ ಅಂದ್ರು."

ಕಚೇರಿಯಲ್ಲಿ ಅಂಥ ಕಾಗದವೇ ಸಿಕ್ಕಿರಲಿಲ್ಲ.

ಬೆಳ್ಯಪ್ಪ ಚೀಲದಿಂದ ಎರಡು ಕೊರಳಪಟ್ಟಿ ತೆಗೆದ. ಒಂದು ತೋಳಿನಲ್ಲಿದ್ದದ್ದು. ಇನ್ನೊಂದು ಕಿಸೆಯಲ್ಲಿದ್ದದ್ದು. "ಇವೆರಡೂ ಅವರದೇ?"

ಕಮಲಾವತಿ ಕಿಸೆಯದ್ದನ್ನು ಎತ್ತಿಕೊಂಡು ಕೆನ್ನೆಗೆ ಒತ್ತಿಕೊಂಡರು. "ಇದು ನಾನು ಹೊಲಿದದ್ದು. ನಾನೇ ಒಗೆದು ಗಂಜಿ ಹಾಕುದು." ಇನ್ನೊಂದನ್ನು ತಿರುಗಿಸಿ ನೋಡಿದರು. "ಇದು ನಮ್ಮದಲ್ಲ. ನೋಡಿ, ಮೂಲೆಯಲ್ಲಿ ಮಡಿವಾಳರ ಗುರುತು ಉಂಟು. ನಮ್ಮ ಮನೆಯ ಬಟ್ಟೆ ಹೊರಗೆ ಹೋಗುದಿಲ್ಲ."

ಕಪ್ಪು ಮಸಿಯ ಗುರುತು. ಒಂದು ಗೆರೆ, ಎರಡು ಚುಕ್ಕಿ.

* * *

ಠಾಣೆಗೆ ಮರಳಿದಾಗ ಅಚ್ಚುತ ಕಾಯುತ್ತಿದ್ದರು. ಜೊತೆಗೆ ವಕೀಲರ ಸಂಘದ ಇನ್ನಿಬ್ಬರು. ಹಾರ್ಟ್ ಫೇಲ್ ಎಂಬ ಮಾತು ಮತ್ತೊಮ್ಮೆ ಬಂತು. ಸಂಘದ ಮಾನದ ಮಾತು ಬಂತು.

"ಬೇರೆ ಯಾರೋ ಅಲ್ಲಿದ್ದರು," ಎಂದ ಬೆಳ್ಯಪ್ಪ. "ಡಾಕ್ಟರು ಹೇಳಿದ್ದರಿಂದ ಗೊತ್ತಾಗ್ತದೆ."

ಮೊದಲು ಬಾಯಿ ಬಿಟ್ಟವರು ಅಚ್ಚುತ.

"ಹಾಗಾದ್ರೆ ಒಂದು ಹೇಳ್ಬೇಕು. ಕೂಸಪ್ಪನ ತಮ್ಮ ಜತ್ತಪ್ಪ ಗೊತ್ತುಂಟಲ್ಲ? ಕಳೆದ ವಾರ ಕೋರ್ಟಿನ ಅಂಗಳದಲ್ಲಿ ಬೋಜಪ್ಪನ ಕಾಲರ್ ಹಿಡಿದಿದ್ದ. ನನ್ನ ಅಣ್ಣನನ್ನು ಜೈಲಿಗೆ ಕಳಿಸಿದವ ನೀನು, ಬಿಡುದಿಲ್ಲ ಅಂತ. ಊರೆಲ್ಲ ನೋಡಿದೆ. ನಿನ್ನೆ ಬೆಳಿಗ್ಗೆ ಏಳೂವರೆಗೆ ಅವನು ಬೋಜಪ್ಪನ ಕಚೇರಿ ಮೆಟ್ಟಿಲ ಹತ್ತಿರ ಸುತ್ತುತ್ತಿದ್ದ. ನಾನೇ ಕಂಡದ್ದು."

ಅವರು ಹೋದ ಮೇಲೆ ಬೆಳ್ಯಪ್ಪ ಲೆಕ್ಕ ಹಾಕಿದ. ಅವನ ಮುಂದೆ ಎರಡು ಸುಲಭದ ದಾರಿಗಳಿದ್ದವು. ಹಾರ್ಟ್ ಫೇಲ್ ಎಂದು ಬರೆದರೆ ಪ್ರಮಾಣಪತ್ರದ ಮಾತು ಅಲ್ಲಿಗೇ ಮುಗಿಯುತ್ತದೆ. ಜತ್ತಪ್ಪನನ್ನು ಹಿಡಿದರೆ ಕೇಸೂ ಮುಗಿಯುತ್ತದೆ. ಎರಡರಲ್ಲೂ ಸುಳ್ಯದ ಅವನ ತನಿಖೆಯನ್ನು ಯಾರೂ ಕೆದಕುವುದಿಲ್ಲ.

ಇನ್‌ಸ್ಪೆಕ್ಟರ್ ಹುದ್ದೆಗೆ ಅವನ ಹೆಸರು ಹೋಗಿ ಎರಡು ವಾರವಾಗಿತ್ತು.

ಬುಧವಾರ ಮೊದಲ ಬಸ್ಸಿಗೆ ಜಾಲ್ಸೂರಿಗೆ ಹೊರಟ.

* * *

ಜತ್ತಪ್ಪ ಓಡಲಿಲ್ಲ. ಜಾಲ್ಸೂರಿನ ಕೂಡುರಸ್ತೆಯ ಹೋಟೆಲಿನ ಹಿಂದೆ ಸೌದೆ ಒಡೆಯುತ್ತಿದ್ದ. ಪೊಲೀಸನ್ನು ಕಂಡು ಕೊಡಲಿ ಕೆಳಗಿಟ್ಟ.

"ಈಗ ನನ್ನ ಸರದಿಯಾ?" ಎಂದ.

"ಸೋಮವಾರ ಬೆಳಿಗ್ಗೆ ಏಳೂವರೆಗೆ ಎಲ್ಲಿದ್ದಿ?"

"ಬಸ್ಸಿನಲ್ಲಿ. ಬೋಜಪ್ಪ ವಕೀಲರು ಬರ್ಲಿಕ್ಕೆ ಹೇಳಿದ್ರು, ಅಣ್ಣನ ಕಾಗದಕ್ಕೆ ಸಾಕ್ಷಿ ಹಾಕ್ಲಿಕ್ಕೆ. ಕಾಲರ್ ಹಿಡಿದದ್ದು ಹೌದು. ಮರುದಿನ ಅವರೇ ನಮ್ಮ ಮನೆಗೆ ಬಂದ್ರು. ನನ್ನ ತಾಯಿಯ ಕಾಲಿಗೆ ಬಿದ್ರು. ಅಂಥವರನ್ನು ನಾನು ಎಂತಕ್ಕೆ ಕೊಲ್ಲುದು? ನಾನು ಪುತ್ತೂರಲ್ಲಿ ಇಳಿಯುವಾಗ ಒಂಬತ್ತೂವರೆ. ಜನ ಸೇರಿತ್ತು. ಅದ್ರಾಮನತ್ರ ಕೇಳಿ."

ಅದ್ರಾಮ ಬಸ್ಸಿನ ಕಂಡಕ್ಟರ್. ಕಾಸರಗೋಡಿನಿಂದ ಬಂದ ಬಸ್ಸಿನ ಮೇಲೇರಿ ಮೂಟೆ ಇಳಿಸುತ್ತಿದ್ದ. ಬೆಳ್ಯಪ್ಪ ಕೆಳಗಿನಿಂದಲೇ ಕೇಳಿದ.

"ಹೌದು ಸಾರ್. ಜತ್ತಪ್ಪ ಏಳೂಕಾಲಕ್ಕೆ ಇಲ್ಲೇ ಹತ್ತಿದ್ದು. ಪುತ್ತೂರಿನವರೆಗೂ ಇದ್ದ."

"ಸರಿಯಾಗಿ ನೆನಪುಂಟಾ?"

ಅದ್ರಾಮ ಏಣಿಯಿಂದ ಇಳಿದು ಬಂದ. ಬೈರಾಸಿನಿಂದ ಮುಖ ಒರೆಸಿಕೊಂಡ. "ನನಗೆ ಅವನ ಅಣ್ಣನದ್ದೂ ನೆನಪುಂಟು ಸಾರ್. ಆ ಮೇಸ್ತ್ರಿ ಸತ್ತ ದಿನ ಕೂಸಪ್ಪ ನನ್ನ ಬಸ್ಸಿನಲ್ಲಿದ್ದ. ಮುಳ್ಳೇರಿಯದಲ್ಲಿ ಟಯರ್ ಪಂಚರ್ ಆಯಿತು. ಸಂಜೆ ಆರು ಗಂಟೆ. ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಕೂಗುವಾಗ ಅವನು ನನ್ನೊಟ್ಟಿಗೆ ಜಾಕಿ ತಿರುಗಿಸ್ತಿದ್ದ. ಜಾಲ್ಸೂರಿಗೆ ಬರುವಾಗ ಎಂಟು ಕಳೆದಿತ್ತು."

"ಇದನ್ನು ಯಾಕೆ ಹೇಳಲಿಲ್ಲ?"

"ಯಾರತ್ರ ಹೇಳುದು? ನೀವು ಕೇಳಲಿಕ್ಕೆ ಬರ್ಲಿಲ್ಲ. ಬೋಜಪ್ಪ ವಕೀಲರು ಮಂಗಳೂರು ಕೋರ್ಟಿಗೆ ಬಾ ಹೇಳಿದ್ರು. ಬಸ್ಸು ಬಿಟ್ಟು ಹೋದೆ. ಬೆಳಿಗ್ಗೆಯಿಂದ ಸಂಜೆವರೆಗೆ ಹೊರಗೆ ಬೆಂಚಿನಲ್ಲಿ ಕೂತೆ. ನನ್ನ ಹೆಸರು ಕರೆಯಲೇ ಇಲ್ಲ."

ಕೂಸಪ್ಪ ಆವತ್ತೇ ಹೇಳಿದ್ದ, ತಾನು ಬಸ್ಸಿನಲ್ಲಿದ್ದೆ ಎಂದು. ಎಲ್ಲರೂ ಹೀಗೇ ಹೇಳುವುದು ಎಂದು ಬೆಳ್ಯಪ್ಪ ಅದನ್ನು ಬರೆದುಕೊಂಡೂ ಇರಲಿಲ್ಲ. ಸುಳ್ಯದಿಂದ ಈ ಕೂಡುರಸ್ತೆಗೆ ಎಷ್ಟು ದೂರ? ಸೈಕಲಿನಲ್ಲಿ ಅರ್ಧ ಗಂಟೆಯ ದಾರಿ.

"ನಿನ್ನ ಹೇಳಿಕೆ ಬರೆದುಕೊಳ್ಳುತ್ತೇನೆ," ಎಂದ. ಬರೆಯುವಾಗ ಪೆನ್ಸಿಲು ಎರಡು ಸಲ ಮುರಿಯಿತು.

* * *

ಬೋಜಪ್ಪನವರು ಮದ್ದು ಬಿಟ್ಟದ್ದು ಕಡಬದಲ್ಲಿ, ಅಕ್ಕ ದುಗ್ಗಮ್ಮನ ಮನೆಯಲ್ಲಿ. ಗುರುವಾರ ಬೆಳ್ಯಪ್ಪ ಅಲ್ಲಿಗೆ ಹೋದ. ಇಬ್ಬರದೂ ಮನೆಮಾತು ಅರೆಭಾಷೆ. ಅದರಲ್ಲೇ ಮಾತನಾಡಿದರು.

"ಇಪ್ಪತ್ತು ದಿನ ನರಕ," ಎಂದರು ದುಗ್ಗಮ್ಮ. "ಮದ್ದಿನ ಹೊತ್ತು ತಪ್ಪಿದರೆ ಮೊದಲು ಆಕಳಿಕೆ. ಒಂದರ ಹಿಂದೆ ಒಂದು. ಆಮೇಲೆ ಮೂಗು, ಕಣ್ಣು ಸೋರುವುದು. ಬೆವರು. ಕೊನೆಗೆ ಗೋಡೆಗೆ ತಲೆ ಬಡಿಯುವುದು. ನಾನು ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿ, ಅಲ್ಲೇ ಕೂತು ಅಳುತ್ತಿದ್ದೆ. ಆದರೆ ಗೆದ್ದ. ಗೆದ್ದ ಮೇಲೆ ಬರೆಯಲಿಕ್ಕೆ ಕೂತ."

ಟ್ರಂಕಿನಿಂದ ಅವರು ಒಂದು ಬರಿಪುಸ್ತಕ ತೆಗೆದು ಕೊಟ್ಟರು. ಪ್ರಮಾಣಪತ್ರದ ಕರಡು. ಹೊಡೆದು ಹಾಕಿದ ಸಾಲುಗಳೇ ಹೆಚ್ಚು. ಬೆಳ್ಯಪ್ಪ ನಿಂತೇ ಓದಿದ.

'ವಿಚಾರಣೆಯ ದಿನ ಬೆಳಿಗ್ಗೆ ಮಂಗಳೂರಿನ ವಸತಿಗೃಹದ ಕೋಣೆಯಲ್ಲಿ ನನಗೆ ಎರಡು ಸೂಜಿ ಮದ್ದು ಕೊಟ್ಟವರು, ಅದೇ ಮೊಕದ್ದಮೆಯಲ್ಲಿ ಎದುರು ಪಕ್ಷಕ್ಕೆ ನೆರವಾಗುತ್ತಿದ್ದ ನನ್ನ ಸಹೋದ್ಯೋಗಿ ಶ್ರೀ...'

ಅಲ್ಲಿ ಖಾಲಿ ಜಾಗ. ಮುಂದಿನ ಪುಟದಲ್ಲಿ ಮತ್ತೆ ಅದೇ ಸಾಲು, ಮತ್ತೆ ಖಾಲಿ ಜಾಗ.

"ಹೆಸರು ಬರೆಯಲಿಕ್ಕೆ ಅವನಿಗೆ ಕೈ ಬರಲಿಲ್ಲ," ಎಂದರು ದುಗ್ಗಮ್ಮ. "ಮೊದಲು ಅವನ ಹತ್ತಿರ ಹೋಗಿ ಹೇಳುತ್ತೇನೆ ಅಕ್ಕಾ, ಅವನೂ ನನ್ನ ಹಾಗೆ ರೋಗಿ, ಅವನೂ ಬಿಡಲಿ ಅಂದ. ಯಾರೆಂದು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಹೆಸರು ಕೇಳುವ ಅಗತ್ಯ ಬೆಳ್ಯಪ್ಪನಿಗೂ ಇರಲಿಲ್ಲ. ಆ ಮೊಕದ್ದಮೆಯಲ್ಲಿ ನೆರವಿಗೆ ನಿಂತಿದ್ದ ವಕೀಲರು ಒಬ್ಬರೇ. ಆದರೆ ಸಂಶಯ ಬೇರೆ, ಸಾಕ್ಷ್ಯ ಬೇರೆ. ಸಾಕ್ಷ್ಯವಿಲ್ಲದೆ ಒಬ್ಬನನ್ನು ಜೈಲಿಗೆ ಕಳಿಸಿದ್ದು ಒಂದು ಸಲ ಸಾಕಾಗಿತ್ತು.

* * *

ಶುಕ್ರವಾರ ಬೆಳಿಗ್ಗೆ ಮಡಿವಾಳ ಐತನ ಮನೆ. ಐತ ಕೊರಳಪಟ್ಟಿಯನ್ನು ಬೆಳಕಿಗೆ ಹಿಡಿದ.

"ಗುರುತು ನನ್ನದೇ. ಒಂದು ಗೆರೆ ಎರಡು ಚುಕ್ಕಿ ಅಚ್ಚುತ ವಕೀಲರ ಮನೆದು."

"ಹಳೇದಾ?"

"ಹಳೇದೆಲ್ಲಿ ಸಾರ್! ಮಸಿ ಹೇಗೆ ಹೊಳೆಯುತ್ತದೆ ನೋಡಿ. ಒಂದು ಸಲವೂ ಸರಿ ಒಗೆದದ್ದಲ್ಲ. ಹೊಸ ಜೋಡಿ. ಕಳೆದ ಶುಕ್ರವಾರ ಗುರುತು ಹಾಕಿದೆ. ಆದಿತ್ಯವಾರ ಸಂಜೆ ಇಸ್ತ್ರಿ ಮಾಡಿ ಅವರ ಕೈಗೇ ಕೊಟ್ಟೆ. ಎರಡು ಕೊಟ್ಟಿದ್ದೆ."

* * *

ಹನ್ನೊಂದು ಗಂಟೆಗೆ ಬೆಳ್ಯಪ್ಪ ಅಚ್ಚುತರ ಕಚೇರಿಗೆ ಹೋದ. ಶೋಧನೆಗೆ ಮ್ಯಾಜಿಸ್ಟ್ರೇಟರ ಆಜ್ಞೆ ಕಿಸೆಯಲ್ಲಿತ್ತು. ಹೊರಗೆ ಇಬ್ಬರು ಕಾನ್‌ಸ್ಟೇಬಲ್, ಇಬ್ಬರು ಪಂಚರು.

ಅಚ್ಚುತ ಕೋರ್ಟಿಗೆ ಹೊರಡುವವರಿದ್ದರು. "ಬೇಗ ಹೇಳಿ ಬೆಳ್ಯಪ್ಪ. ಜತ್ತಪ್ಪ ಒಪ್ಪಿಕೊಂಡನಾ?"

"ಜತ್ತಪ್ಪ ಏಳೂವರೆಗೆ ಪುತ್ತೂರಿನಲ್ಲೇ ಇರಲಿಲ್ಲ. ಬಸ್ಸಿನಲ್ಲಿದ್ದ. ಸಾಕ್ಷಿ ಉಂಟು."

"ಹಾಗಾದ್ರೆ ನಾನು ಬೇರೆ ಯಾರನ್ನೋ ಕಂಡದ್ದು ಇರಬಹುದು."

"ಇರಬಹುದು. ಆದ್ರೆ ಒಂದು ವಿಷಯ ಮಾತ್ರ ಗಟ್ಟಿ. ಏಳೂವರೆಗೆ ಬೋಜಪ್ಪ ವಕೀಲರ ಮೆಟ್ಟಿಲ ಹತ್ತಿರ ನೀವಿದ್ದಿರಿ. ನಾನು ಕೇಳದೆ ನೀವೇ ಹೇಳಿದಿರಿ, ಇಬ್ಬರು ವಕೀಲರ ಎದುರು."

ಅಚ್ಚುತ ನಕ್ಕರು. "ಇದು ಸಾಕ್ಷ್ಯವಾ?"

ಬೆಳ್ಯಪ್ಪ ಕೊರಳಪಟ್ಟಿಯನ್ನು ಮೇಜಿನ ಮೇಲಿಟ್ಟ. "ಇದು ಅವರ ತೋಳಿನಲ್ಲಿತ್ತು."

"ಬೋಜಪ್ಪನಿಗೆ ನಾನು ಎಷ್ಟೋ ಪಟ್ಟಿ ಕೊಟ್ಟಿದ್ದೇನೆ ಮಾರಾಯ್ರೆ. ಕಾಲೇಜಿನಿಂದ ಒಟ್ಟಿಗೆ ಇದ್ದವರು."

"ಇದನ್ನು ಯಾವಾಗ ಕೊಟ್ಟಿರಿ?"

"ಹೋದ ತಿಂಗಳೋ, ಅದಕ್ಕೂ ಮೊದಲೋ. ಯಾರಿಗೆ ನೆನಪು?"

"ಇದು ಐತನಿಂದ ನಿಮ್ಮ ಕೈಗೆ ಬಂದದ್ದು ಆದಿತ್ಯವಾರ ಸಂಜೆ. ಹೊಸದು. ಸೋಮವಾರ ಬೆಳಿಗ್ಗೆ ಅವರು ಸತ್ತರು. ನಡುವೆ, ಬೆಳಿಗ್ಗೆ ಏಳರವರೆಗೆ, ಅವರು ಮನೆ ಬಿಟ್ಟು ಹೋಗಲಿಲ್ಲ, ಮನೆಗೆ ನೀವು ಬರಲಿಲ್ಲ. ಕಮಲಾವತಿಯಮ್ಮ ಹೇಳಿದ್ದಾರೆ."

ಅಚ್ಚುತ ಏನೋ ಹೇಳಲು ಬಾಯಿ ತೆರೆದರು. ಬಂದದ್ದು ಆಕಳಿಕೆ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಫ್ಯಾನಿನ ಕೆಳಗೇ ಕೂತಿದ್ದರು, ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಮತ್ತೊಂದು ಆಕಳಿಕೆ.

ಬೆಳ್ಯಪ್ಪ ಮುಖ ತಿರುಗಿಸಿದ. ನೋಡುವುದಕ್ಕೇ ನಾಚಿಕೆಯಾಯಿತು.

"ನಿಮ್ಮ ಹೊತ್ತು ತಪ್ಪಿತು ಅಲ್ವಾ ಸಾರ್?" ಮೆತ್ತಗೆ ಕೇಳಿದ. "ಡಾಕ್ಟರಿಗೆ ಹೇಳಿ ಕಳಿಸ್ತೇನೆ. ಮಾತು ಆಮೇಲೆ ಆಡುವ. ಈ ಸ್ಥಿತಿಯಲ್ಲಿ ನೀವು ಹೇಳಿದ್ದನ್ನು ನಾನು ಬರೆದುಕೊಳ್ಳುದಿಲ್ಲ."

ಅಚ್ಚುತರ ಮುಖ ಒಡೆದದ್ದು ಆ ಮಾತಿಗೆ. ಆರೋಪವನ್ನು ಎದುರಿಸಲು ಅವರು ಸಿದ್ಧವಾಗಿದ್ದರು. ಕನಿಕರ ಬರುತ್ತದೆ ಎಂದು ಎಣಿಸಿರಲಿಲ್ಲ.

ಪಂಚರು ಒಳಗೆ ಬಂದರು. ಕಪಾಟಿನ ಮೇಲಿನ ಹಲಗೆಯಲ್ಲಿ, ದಪ್ಪ ಕಾನೂನು ಪುಸ್ತಕಗಳ ಹಿಂದೆ, ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ತುಂಬಿದ ಕೊಳವೆಗಳು ಆರು. ಕತ್ತು ಮುರಿದವು ನಾಲ್ಕು. ಬೋಜಪ್ಪನವರ ಮೇಜಿನ ಮೇಲಿದ್ದ ಕೊಳವೆಯ ಮೇಲಿನ ನಂಬರೇ ಎಲ್ಲದರ ಮೇಲೂ. ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ.

"ಕೊಳವೆ ಇಟ್ಟುಕೊಂಡದ್ದು ಯಾಕೆ ಸಾರ್?"

"ಎಲ್ಲಿ ಬಿಸಾಡಿದ್ರೂ ಯಾರಾದ್ರೂ ಹೆಕ್ಕುತ್ತಾರೆ ಅಂತ ಹೆದರಿಕೆ." ಅಚ್ಚುತ ಕಣ್ಣು ಮುಚ್ಚಿದ್ದರು. "ಅವನು ಆದಿತ್ಯವಾರ ಬೆಳಿಗ್ಗೆ ದೇವಸ್ಥಾನದ ಹತ್ತಿರ ಸಿಕ್ಕಿ ಹೇಳಿದ. ಪ್ರಮಾಣಪತ್ರ ಹಾಕ್ತೇನೆ, ನೀನೂ ಕಡಬಕ್ಕೆ ಬಾ, ಅಕ್ಕ ನೋಡಿಕೊಳ್ತಾಳೆ ಅಂತ. ನನಗೆ ಸರ್ಕಾರಿ ವಕೀಲನ ನೇಮಕ ಬರ್ಲಿಕ್ಕಿತ್ತು. ಎದುರು ಪಕ್ಷದ ವಕೀಲನಿಗೆ ಸೂಜಿ ಚುಚ್ಚಿದವ ಅಂತ ಗೊತ್ತಾದ್ರೆ? ಸನ್ನದು ಹೋಗ್ತದೆ, ಜೈಲೂ ಆಗ್ಬಹುದು."

"ಈಗ ಹೇಳುದು ಬೇಡ ಅಂದೆ."

"ಹೇಳ್ತೇನೆ. ಸೋಮವಾರ ಹೋದೆ. ಅವನೆದುರು ಮೊದಲು ನಾನು ಚುಚ್ಚಿಕೊಂಡೆ, ಈ ಪಟ್ಟಿ ಕಟ್ಟಿ. ಅವನು ನೋಡುತ್ತಾ ಕೂತ. ಬೇಡ ಅಚ್ಚು ಅಂದ. ಮೂರು ಸಲ ಬೇಡ ಅಂದ. ನಾನು ಇನ್ನೊಂದು ಕೊಳವೆ ಮುರಿದೆ. ಆ ಟಿಕ್ ಅನ್ನುವ ಸದ್ದು ಕೇಳಿದ್ರೆ ನಮ್ಮಂಥವರಿಗೆ..." ಅವರು ನಿಲ್ಲಿಸಿದರು. "ಅವನೇ ಕೈ ಚಾಚಿದ ಬೆಳ್ಯಪ್ಪ. ಅವನೇ."

"ಕೈ ಚಾಚಿದವರು ಅವರು. ನಾಲ್ಕು ಕೊಳವೆ ತುಂಬಿದವರು ನೀವು. ಅವರು ಬಿಟ್ಟು ನಾಲ್ಕು ತಿಂಗಳಾಯಿತು, ಅಷ್ಟು ತಡೆಯುದಿಲ್ಲ ಅಂತ ನಿಮಗೆ ಗೊತ್ತಿತ್ತು. ಒಂದನ್ನು ಮೇಜಿನ ಮೇಲೆ ಬಿಟ್ಟು, ಅವರ ಮೂರನ್ನೂ ನಿಮ್ಮದೊಂದನ್ನೂ ಕಿಸೆಗೆ ಹಾಕಿಕೊಂಡು ಬಂದಿರಿ, ಹಳೇ ಚಟಕ್ಕೆ ಬಿದ್ದು ಸತ್ತ ಅಂತ ಜನ ಎಣಿಸಲಿ ಅಂತ. ಕಾಗದವನ್ನೂ ತಂದಿರಿ. ನಿಮ್ಮ ತಲೆಗೂ ಮದ್ದು ಏರಿತ್ತು. ಹಾಗಾಗಿ ಪಟ್ಟಿ ಉಳಿಯಿತು. ಮಂಪರಿನಲ್ಲಿ ನಿಮಗದು ಅವರದೇ ಪಟ್ಟಿಯ ಹಾಗೆ ಕಂಡಿತು."

ಅಚ್ಚುತ ತಲೆಯಾಡಿಸಿದರು. "ಕಾಗದ ಓದಿ," ಎಂದರು. "ನಾನು ಮನೆಗೆ ಬಂದ ಮೇಲೆ ಓದಿದ್ದು. ಸುಡ್ಲಿಕ್ಕೆ ಬೆಂಕಿಕಡ್ಡಿ ಗೀರಿದ್ದೆ."

ಬೆಳ್ಯಪ್ಪ ಮಡಿಕೆ ಬಿಡಿಸಿದ. ಟೈಪು ಮಾಡಿದ ಮೂರು ಪುಟ. ಎರಡನೆಯ ಪುಟದ ನಡುವೆ ಇತ್ತು.

'ಆ ದಿನ ಬೆಳಿಗ್ಗೆ ನಾನು ಪೆಥಿಡಿನ್ ಚುಚ್ಚಿಸಿಕೊಂಡೆ. ಕೊಟ್ಟವರ ಹೆಸರು ಇಲ್ಲಿ ಅಗತ್ಯವಿಲ್ಲ. ಬೇಡವೆನ್ನುವ ಬಾಯಿ ನನಗಿತ್ತು. ತಪ್ಪು ಪೂರ್ತಿಯಾಗಿ ನನ್ನದು.'

ಅಚ್ಚುತರ ಹೆಸರು ಮೂರು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

* * *

ಸಂಜೆ ಬೆಳ್ಯಪ್ಪ ಠಾಣೆಯಲ್ಲಿ ಕೂತು ಎರಡು ವರದಿ ಬರೆದ. ಮೊದಲನೆಯದು ಬೋಜಪ್ಪ ವಕೀಲರ ಕೊಲೆಯದ್ದು. ಅದು ಬೇಗ ಮುಗಿಯಿತು. ಎರಡನೆಯದು ಹೈಕೋರ್ಟಿಗೆ. ಕೂಸಪ್ಪನ ಹೇಳಿಕೆಯನ್ನು ತಾನು ಪರಿಶೀಲಿಸಲಿಲ್ಲ, ಕಂಡಕ್ಟರನನ್ನು ವಿಚಾರಿಸಲಿಲ್ಲ, ಬಸ್ಸಿನಲ್ಲಿದ್ದೆ ಎಂಬ ಮಾತನ್ನು ಬರೆದುಕೊಳ್ಳಲೂ ಇಲ್ಲ. ಬೋಜಪ್ಪನವರ ಸಹಿಯಿಲ್ಲದ ಕಾಗದವನ್ನೂ ಅದ್ರಾಮನ ಹೇಳಿಕೆಯನ್ನೂ ಜೊತೆಗಿಟ್ಟ.

ಹೆಡ್ ಕಾನ್‌ಸ್ಟೇಬಲ್ ಓದಿ ಬೆವರಿದ. "ಸಾರ್, ನಿಮ್ಮ ಪ್ರಮೋಷನ್..."

"ಟಪಾಲಿಗೆ ಹಾಕು."

ಪ್ರಮೋಷನ್ ಬರಲಿಲ್ಲ. ವರ್ಗ ಬಂತು, ಘಟ್ಟದ ಮೇಲಿನ ಒಂದು ಊರಿಗೆ. ಅಚ್ಚುತರಿಗೆ ಜೀವಾವಧಿಯಾಯಿತು. ತಮ್ಮ ಪರ ಯಾರೂ ವಾದಿಸುವುದು ಬೇಡ ಎಂದಿದ್ದರು. ವಕೀಲರ ಸಂಘ ಕೆಲವು ದಿನ ಬೆಳ್ಯಪ್ಪನ ಮೇಲೆ ಮುನಿಸಿಕೊಂಡಿತ್ತು. ಆದರೆ ಆ ವರ್ಷ ಮುಗಿಯುವುದರೊಳಗೆ ಇಬ್ಬರು ವಕೀಲರು ಡಾಕ್ಟರ ಮನೆಗೆ ಒಬ್ಬೊಬ್ಬರೇ ಬಂದರು. ಚೀಟಿ ಬರೆಸಿಕೊಳ್ಳಲು ಅಲ್ಲ, ಮದ್ದು ಬಿಡಲು. ಮೂರನೆಯವರು ಬರಲಿಲ್ಲ.

ಹೈಕೋರ್ಟು ಕೂಸಪ್ಪನನ್ನು ಬಿಡುಗಡೆ ಮಾಡಿದ್ದು ಮರುವರ್ಷದ ಆಗಸ್ಟಿನಲ್ಲಿ. ಹದಿನೈದು ದಿನ ಕಳೆದು ಅವನು ಬೆಳ್ಯಪ್ಪನ ಹೊಸ ಠಾಣೆಯನ್ನು ಹುಡುಕಿಕೊಂಡು ಬಂದ. ತೆಳ್ಳಗಾಗಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆಳ್ಯಪ್ಪ ಎದ್ದು ನಿಂತು ಕುರ್ಚಿ ತೋರಿಸಿದ. ಕೂಸಪ್ಪ ಕೂರಲಿಲ್ಲ.

"ಕೈ ಮುಗಿಯಲಿಕ್ಕೆ ಬಂದದ್ದಲ್ಲ," ಎಂದ. "ಒಂದು ಕೇಳ್ಲಿಕ್ಕುಂಟು. ಬೋಜಪ್ಪ ವಕೀಲರಿಗೆ ಮದ್ದಿನ ಮಂಪರು. ಅವರು ನನ್ನನ್ನು ಮರೆತದ್ದು ಹಾಗೆ. ನೀವು ಎಂತ ತೆಗೆದುಕೊಂಡಿದ್ರಿ?"

ಬೆಳ್ಯಪ್ಪ ಕುರ್ಚಿಯನ್ನು ಬದಿಗೆ ಸರಿಸಿದ.

"ಎಂತದೂ ಇಲ್ಲ," ಎಂದ. "ನಾನು ಎಚ್ಚರದಲ್ಲೇ ಇದ್ದೆ."

ಕೂಸಪ್ಪ ಮೆಟ್ಟಿಲಿಳಿದು ಹೋದ.